ಜಗಲಿ ಇಳಿಸುವ ಮುನ್ನ

ಮನೆ ಕಟ್ಟಿಸುವವನಿಗೆ ಬುದ್ಧಿ ಹೇಳುವವರು ಬೀದಿಗೆ ಹತ್ತು ಮಂದಿ ದೊರೆಯುತ್ತಾರೆ. ಆಯ ನೋಡುವವರು, ಇಟ್ಟಿಗೆಯ ದರ ಹೇಳುವವರು, ಬಾಗಿಲು ಯಾವ ದಿಕ್ಕಿಗಿರಬೇಕೆಂದು ವಾದಿಸುವವರು, ಎಲ್ಲರೂ ಉಂಟು. ಆದರೆ ಕಟ್ಟಿದ್ದನ್ನು ಬಿಚ್ಚಿಸಬೇಕಾದ ಗೃಹಸ್ಥನಿಗೆ ಒಂದು ಮಾತು ಹೇಳುವವರಿಲ್ಲ. ಕೆಡವುವುದರಲ್ಲಿ ಏನಿದೆ, ನಾಲ್ಕು ಆಳು ಎರಡು ಹಾರೆ ಸಾಕು ಎಂಬುದು ಲೋಕದ ಎಣಿಕೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯೂ ಅದನ್ನೇ ಹೇಳುತ್ತದೆ. ಆದರೆ ದೊಣ್ಣೆಯ ಆ ಒಂದು ನಿಮಿಷದಲ್ಲಿಯೇ ಮನೆಯವರ ಹಣ, ನೆರೆಯವರ ಸ್ನೇಹ, ಕೆಲವೊಮ್ಮೆ ಕೂಲಿಯವನ ಕಾಲು ಸಹ ಹೋಗುವುದುಂಟೆಂಬುದನ್ನು ಗಾದೆ ಕಟ್ಟಿದವರು ಹೇಳಲಿಲ್ಲ.

ಮಂಡ್ಯ, ಮದ್ದೂರು, ಮಳವಳ್ಳಿಗಳ ಹಳೆಯ ಬೀದಿಗಳಲ್ಲಿ ನಡೆದುಹೋಗುವವರಿಗೆ ಒಂದು ನೋಟ ಕಣ್ಣಿಗೆ ಬೀಳುತ್ತದೆ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಮೇಲೆದ್ದಿದೆ. ಒಂದು ಕಾಲದಲ್ಲಿ ಮೂರು ಮೆಟ್ಟಿಲು ಹತ್ತಿ ಸೇರಬೇಕಾಗಿದ್ದ ಜಗಲಿ ಈಗ ರಸ್ತೆಗೆ ಸಮನಾಗಿ, ಕೆಲವೆಡೆ ಅದಕ್ಕಿಂತ ತಗ್ಗಾಗಿ ಕುಳಿತಿದೆ. ಜೋರು ಮಳೆ ಬಂದರೆ ಬೀದಿಯ ನೀರು ನೇರವಾಗಿ ಪಡಸಾಲೆಗೆ ಬರುತ್ತದೆ. ಸಂಜೆಯ ಹೊತ್ತು ಕುಳಿತು ಮಾತನಾಡಲು ಜಗಲಿಯಲ್ಲಿ ಜನರೂ ಇಲ್ಲ. ಮಗ ತಂದ ಕಾರನ್ನು ನಿಲ್ಲಿಸಲು ಸ್ಥಳವೂ ಇಲ್ಲ. ಜಗಲಿ ತೆಗೆಸೋಣ, ಪಕ್ಕದ ಬೇಲಿಯನ್ನೂ ಕಿತ್ತು ಗೋಡೆ ಹಾಕಿಸೋಣ ಎಂದು ಮನೆಯಲ್ಲಿ ಮಾತು ಹುಟ್ಟುವುದು ಹೀಗೆ. ಇದರ ಸರಿತಪ್ಪುಗಳನ್ನು ಇಲ್ಲಿ ಎತ್ತಬೇಕಾಗಿಲ್ಲ. ಮಳೆನೀರು ಒಳಗೆ ಬರುವ ಮನೆಯಲ್ಲಿ ಬಾಳುವವರಿಗೆ ಹಳೆಯ ಸೊಗಸಿನ ಉಪದೇಶ ಮಾಡುವುದು ಸುಲಭ.

ಆದರೆ ತೆಗೆಸುವುದು ಏನನ್ನು ಎಂಬುದನ್ನು ತಿಳಿದುಕೊಂಡೇ ತೆಗೆಸಬೇಕು. ಮಳವಳ್ಳಿ ಹಳೆಯ ಊರು. ಮಂಡ್ಯದ ಏಳ್ಗೆ ಈಚಿನದು. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದುಬಂದು, 1933ರಲ್ಲಿ ಸಕ್ಕರೆ ಕಂಪೆನಿ ಸ್ಥಾಪನೆಯಾಗಿ, 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯವೇ ಜಿಲ್ಲೆಯಾದ ಮೇಲೆ ಈ ಊರು ಬೆಳೆಯಿತು. ಕಬ್ಬಿನ ಹಣ ಕೈಗೆ ಬಂದವರೂ, ಕಚೇರಿಯ ಕೆಲಸಕ್ಕೆಂದು ಬಂದು ನೆಲೆಸಿದವರೂ ಅಂದಿನ ರೀತಿಗೆ ತಕ್ಕಂತೆ ಮನೆ ಕಟ್ಟಿಸಿದರು. ಮುಂದೆ ಮರದ ಕಂಬದ ಜಗಲಿ, ಅದರ ಅಂಚಿಗೆ ಕಲ್ಲಿನ ಚಪ್ಪಡಿ, ಮೇಲೆ ಹೆಂಚಿನ ಮಾಡು. ಹೆಂಚೂ ಒಂದೇ ಬಗೆಯದಲ್ಲ. ಹಳೆಯ ಮನೆಗಳಿಗೆ ಊರ ಕುಂಬಾರರು ಮಾಡಿದ ನಾಡಹೆಂಚು. ಅನಂತರದವುಗಳಿಗೆ ಮಂಗಳೂರು ಹೆಂಚು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು ಆರಂಭಿಸಿದ ಕಾರ್ಖಾನೆಯಿಂದ ಹುಟ್ಟಿದ ಈ ಹೆಂಚು ದೇಶವನ್ನೆಲ್ಲ ವ್ಯಾಪಿಸಿತು. ಹೆಂಚನ್ನು ತಿರುಗಿಸಿ ನೋಡಿದರೆ ಕಾರ್ಖಾನೆಯ ಹೆಸರಿನ ಅಚ್ಚು ಇಂದಿಗೂ ಕಾಣಿಸುತ್ತದೆ. ಒಟ್ಟಿನಲ್ಲಿ ಜಗಲಿಯೆಂದರೆ ಬರಿಯ ಮಣ್ಣುಗುಡ್ಡೆಯಲ್ಲ. ಬೆಲೆಯುಳ್ಳ ಸಾಮಾನಿನ ಒಂದು ಉಗ್ರಾಣ. ಕೆಡವುವ ಗುತ್ತಿಗೆಯ ಮರ್ಮವೆಲ್ಲ ಇಲ್ಲಿಯೇ ಅಡಗಿದೆ.

ಇಂಥ ಬೀದಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಯಜಮಾನರು ನಿವೃತ್ತ ಉಪಾಧ್ಯಾಯರು. ಮಗ ಬೆಂಗಳೂರಿನಲ್ಲಿದ್ದಾನೆ, ಭಾನುವಾರ ಬಂದು, ಊಟ ಮುಗಿಸಿ, ಸಂಜೆಯೊಳಗೆ ಎಲ್ಲವನ್ನೂ ತೀರ್ಮಾನಿಸಿ ಹೊರಡಬೇಕೆಂಬ ಆತುರ ಅವನದು. ಗುತ್ತಿಗೆದಾರನೊಬ್ಬ ಬಂದು ಜಗಲಿಯ ಮೇಲೆ ಒಮ್ಮೆ, ಕೆಳಗೆ ಒಮ್ಮೆ ನಿಂತು, ಕಂಬವನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡುತ್ತಾನೆ.

'ನೋಡಿ ಮೇಷ್ಟ್ರೇ, ಕೂಲಿ ಗೀಲಿ ಅಂತ ನೀವೊಂದು ಕಾಸೂ ಬಿಚ್ಚಬೇಡಿ. ಕಂಬ, ತೊಲೆ, ಹೆಂಚು ಎಲ್ಲ ನಂಗೆ ಬಿಡಿ. ಮೂರು ದಿವ್ಸಕ್ಕೆ ನೆಲ ಸಮ ಮಾಡ್ಕೊಡ್ತೀನಿ.'

ಮಗನ ಮುಖ ಅರಳುತ್ತದೆ. ಖರ್ಚಿಲ್ಲದೆ ಕೆಲಸವಾಗುವುದಾದರೆ ಯಾರಿಗೆ ಬೇಡ? ಆದರೆ ಮೇಷ್ಟ್ರು ಲೆಕ್ಕದ ಪಾಠ ಹೇಳಿದವರು.

'ಕಂಬ ಯಾಕಪ್ಪ ಕುಟ್ಟಿ ನೋಡ್ದೆ?' ಎಂದು ಕೇಳುತ್ತಾರೆ.

ಕೇಳಬೇಕಾದ ಪ್ರಶ್ನೆ ಅದೇ. ಕಟ್ಟಿಸುವ ಗುತ್ತಿಗೆಯಲ್ಲಿ ಹಣ ಒಂದೇ ದಿಕ್ಕಿಗೆ, ಮನೆಯವನಿಂದ ಗುತ್ತಿಗೆದಾರನಿಗೆ ಹರಿಯುತ್ತದೆ. ಕೆಡವಿಸುವ ಗುತ್ತಿಗೆಯಲ್ಲಿ ಅದು ಎರಡು ದಿಕ್ಕಿಗೂ ಹರಿಯಬಲ್ಲದು. ಕೂಲಿ, ಗಾಡಿ ಬಾಡಿಗೆ, ಮಣ್ಣು ಸಾಗಿಸುವ ವೆಚ್ಚ ಒಂದು ಕಡೆ. ಬಿಚ್ಚಿದ ಸಾಮಾನಿನ ಬೆಲೆ ಇನ್ನೊಂದು ಕಡೆ. ಈ ಎರಡನ್ನೂ ತೂಗಿ ನೋಡಿದ ಮೇಲೆಯೇ ಯಾರು ಯಾರಿಗೆ ಕೊಡಬೇಕೆಂಬುದು ತಿಳಿಯುವುದು. ಆದ್ದರಿಂದ ಗುತ್ತಿಗೆದಾರರು ಮೂರು ಬಗೆಯಲ್ಲಿ ಮಾತನಾಡುತ್ತಾರೆ. ಕೂಲಿ ಕೊಡಿ, ಸಾಮಾನು ನಿಮ್ಮದು ಎನ್ನುವವನೊಬ್ಬ. ಏನೂ ಕೊಡಬೇಡಿ, ಸಾಮಾನು ನನ್ನದು ಎನ್ನುವವನು ಎರಡನೆಯವನು. ಸಾಮಾನು ತೆಗೆದುಕೊಂಡು ನಾನೇ ನಿಮಗೆ ಇಷ್ಟು ಕೊಡುತ್ತೇನೆ ಎನ್ನುವವನು ಮೂರನೆಯವನು. ಮೂರರಲ್ಲಿ ಯಾವುದೂ ಮೋಸವಲ್ಲ. ಮನೆಯವನು ತನ್ನ ಸಾಮಾನಿನ ಬೆಲೆ ತಿಳಿಯದೆ ಒಪ್ಪಿಕೊಂಡರೆ ಮಾತ್ರ ಮೂರೂ ನಷ್ಟವೇ.

ಬೆಲೆ ತಿಳಿಯುವುದು ಅಂಥ ದೊಡ್ಡ ವಿದ್ಯೆಯೇನೂ ಅಲ್ಲ. ಒಂದು ಟೇಪು, ಒಂದು ಹಾಳೆ, ಅರ್ಧ ಗಂಟೆಯ ವ್ಯವಧಾನ ಸಾಕು. ಮರವನ್ನು ಅಳೆಯುವುದು ಘನ ಅಡಿಯ ಲೆಕ್ಕದಲ್ಲಿ. 8 ಅಡಿ ಎತ್ತರದ, 6 ಅಂಗುಲ ಚೌಕದ ಕಂಬವೊಂದರಲ್ಲಿ 2 ಘನ ಅಡಿ ಮರವಿರುತ್ತದೆ. ಅಂಥ ನಾಲ್ಕು ಕಂಬಗಳಾದರೆ 8. 12 ಅಡಿ ಉದ್ದದ, 8 ಅಂಗುಲ ಅಗಲ 6 ಅಂಗುಲ ದಪ್ಪದ ತೊಲೆಯಲ್ಲಿ 4 ಘನ ಅಡಿ. ಎರಡು ತೊಲೆಗಳಿಗೆ 8. ಮೇಲಿನ ಜಂತೆಗಳು 9 ಅಡಿ ಉದ್ದ, 4 ಅಂಗುಲ ಅಗಲ, 3 ಅಂಗುಲ ದಪ್ಪವಿದ್ದು ಹನ್ನೆರಡು ಇದ್ದರೆ ಅವುಗಳಿಂದ 9. ಸಾಧಾರಣವಾದ ಒಂದು ಪುಟ್ಟ ಜಗಲಿಯಲ್ಲಿ ಒಟ್ಟು 25 ಘನ ಅಡಿ ಮರ ಹೀಗೆ ಸಿಕ್ಕಿತು. ಇದಿಷ್ಟೂ ತೇಗವಾದರೆ ಒಂದು ಬೆಲೆ, ಹೊನ್ನೆಯಾದರೆ ಒಂದು, ಹಲಸಾದರೆ ಮತ್ತೊಂದು. ಮರ ಯಾವುದೆಂದು ಗುರುತಿಸಲು ಗುತ್ತಿಗೆದಾರನನ್ನೇ ಕೇಳಬಾರದು. ಪರಿಚಯದ ಬಡಗಿಯೊಬ್ಬನನ್ನು ಕರೆಸಿ ಕಾಫಿ ಕೊಟ್ಟು ಕೇಳಬೇಕು. ಅವನೇ ಚೂಪಾದ ಕಬ್ಬಿಣದ ಕಡ್ಡಿಯಿಂದ ಕಂಬದ ಬುಡವನ್ನು ತಿವಿದು, ಗೆದ್ದಲು ಎಷ್ಟು ಎತ್ತರಕ್ಕೆ ಹೋಗಿದೆಯೆಂಬುದನ್ನೂ ತಿಳಿಸಿಯಾನು. ಬುಡ ಹೋಗಿದ್ದರೂ ಮೇಲಿನ ಭಾಗ ಗಟ್ಟಿಯಾಗಿರುವುದುಂಟು. ಇಡಿಯ ಕಂಬವೇ ಲಡ್ಡಾಗಿದೆ ಎಂದು ಮೊದಲೇ ಹೇಳಿಬಿಡುವ ಗುತ್ತಿಗೆದಾರನ ಮಾತನ್ನು ಬಡಗಿಯ ಕಡ್ಡಿಯೊಂದಿಗೆ ತಾಳೆ ನೋಡುವುದು ಕ್ಷೇಮ.

ಇಟ್ಟಿಗೆಯಲ್ಲಿಯೂ ಭೇದವುಂಟು. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಯ ಇಟ್ಟಿಗೆ ಮೆಲ್ಲಗೆ ತಟ್ಟಿದರೆ ಇಡಿಯಾಗಿ ಬಿಡಿಸಿಕೊಳ್ಳುತ್ತದೆ, ಮತ್ತೆ ಉಪಯೋಗಕ್ಕೆ ಬರುತ್ತದೆ. ಸಿಮೆಂಟಿನಲ್ಲಿ ಕಟ್ಟಿದ್ದು ಗಾರೆಗಿಂತ ಮೊದಲು ತಾನೇ ಒಡೆಯುತ್ತದೆ. ಜಗಲಿಯಂಚಿನ ಚಪ್ಪಡಿಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಹೊಸ ಮನೆಯ ಮೆಟ್ಟಿಲಿಗೋ ಬಚ್ಚಲ ಕಲ್ಲಿಗೋ ಕೊಳ್ಳಹೋದಾಗ ಅವುಗಳ ಬೆಲೆ ಅರಿವಾಗುತ್ತದೆ. ಕೆತ್ತನೆಯ ಬೋದಿಗೆ, ಹಳೆಯ ಬಾಗಿಲುವಾಡಗಳ ಮಾತಂತೂ ಬೇರೆಯೇ. ಹೊಸ ಹೋಟೆಲುಗಳಿಗೆ ಹಳೆಯ ಮನೆಯ ಕಳೆ ಕೊಡಬೇಕೆಂಬ ಹುಚ್ಚು ಹತ್ತಿದ ಮೇಲೆ ಇವನ್ನು ಹುಡುಕಿಕೊಂಡು ಬರುವ ವ್ಯಾಪಾರಿಗಳಿದ್ದಾರೆ. ಸೌದೆಯ ಬೆಲೆಗೆ ಹೋದ ಕಂಬ ಬೆಂಗಳೂರಿನ ಹೋಟೆಲೊಂದರ ಮುಂಬಾಗಿಲಲ್ಲಿ ಎಣ್ಣೆ ಹಚ್ಚಿಸಿಕೊಂಡು ನಿಲ್ಲುವುದು ಅಸಂಭವವೇನಲ್ಲ.

ಸಾಮಾನು ಉಳಿಯಬೇಕಾದರೆ ಬಿಚ್ಚುವ ರೀತಿಯೂ ಸರಿಯಾಗಿರಬೇಕು. ಹಳೆಯ ಬಡಗಿಗಳು ತೊಲೆಗೂ ಕಂಬಕ್ಕೂ ಮರದ ಬೆಣೆ ಹೊಡೆದು ಸೇರಿಸುತ್ತಿದ್ದರು. ಆ ಬೆಣೆಯನ್ನು ಹುಡುಕಿ ಹೊರಕ್ಕೆ ತಟ್ಟಿದರೆ ತೊಲೆ ಇಡಿಯಾಗಿ ಇಳಿಯುತ್ತದೆ. ಅಷ್ಟು ತಾಳ್ಮೆಯಿಲ್ಲದವರು ನಡುವಿನಲ್ಲಿ ಗರಗಸ ಹಾಕಿ ಎರಡು ತುಂಡು ಮಾಡಿ ಇಳಿಸುತ್ತಾರೆ. ಹನ್ನೆರಡಡಿಯ ತೊಲೆಯ ಬೆಲೆ ಬೇರೆ, ಆರಡಿಯ ಎರಡು ತುಂಡುಗಳ ಬೆಲೆ ಬೇರೆ. ತೊಲೆಯನ್ನು ಕೊಯ್ಯಬಾರದು ಎಂಬ ಒಂದು ವಾಕ್ಯವನ್ನು ಕರಾರಿನಲ್ಲಿ ಬರೆದಿಡುವುದರಿಂದ ಉಳಿಯುವ ಹಣ ಸಣ್ಣದಲ್ಲ. ಜೆಸಿಬಿ ತರಿಸುವೆನೆನ್ನುವವರ ವಿಚಾರವೂ ಇಷ್ಟೇ. ಅದು ಗಂಟೆಯ ಲೆಕ್ಕದ ಬಾಡಿಗೆಗೆ ಸಿಕ್ಕುತ್ತದೆ. ಮೂರು ದಿನದ ಕೆಲಸ ಮೂರು ಗಂಟೆಗೆ ಮುಗಿಯುತ್ತದೆ. ಆದರೆ ಆ ಕಬ್ಬಿಣದ ಕೈಗೆ ತೇಗವೂ ಒಂದೇ, ಮಣ್ಣುಹೆಂಟೆಯೂ ಒಂದೇ. ಹೆಂಚು ಮರಗಳನ್ನು ಕೈಯಿಂದ ಇಳಿಸಿದ ಮೇಲೆ, ಉಳಿದ ಮಣ್ಣು ತಳಪಾಯಗಳಿಗೆ ಮಾತ್ರ ಅದನ್ನು ಕರೆಸುವುದು ಉಚಿತ.

ಹಣದ ಮಾತು ಇಷ್ಟಾಯಿತು. ಇದಕ್ಕಿಂತ ದೊಡ್ಡದು ಪ್ರಾಣದ ಮಾತು.

ಕೆಲವು ಮನೆಗಳಲ್ಲಿ ಜಗಲಿಯ ಮಾಡಿಗೆ ಬೇರೆಯೇ ಜಂತೆಗಳಿರುತ್ತವೆ. ಇನ್ನು ಕೆಲವದರಲ್ಲಿ ಒಳಮನೆಯ ಜಂತೆಗಳೇ ಗೋಡೆಯನ್ನು ದಾಟಿ ಬಂದು ಜಗಲಿಯ ಕಂಬದ ಮೇಲೆ ಕುಳಿತಿರುತ್ತವೆ. ಬೀದಿಯಲ್ಲಿ ನಿಂತು ನೋಡುವವರಿಗೆ ಎರಡೂ ಒಂದೇ ತರಹ ಕಾಣಿಸುತ್ತವೆ. ಎರಡನೆಯ ಬಗೆಯ ಮನೆಯಲ್ಲಿ ಆಸರೆ ಕೊಡದೆ ಕಂಬ ಕಿತ್ತರೆ, ಬೀಳುವುದು ಜಗಲಿಯೊಂದೇ ಅಲ್ಲ. ಒಳಗೆ ಹೋಗಿ ಅಟ್ಟದ ಕಡೆಯಿಂದ ತಲೆಯೆತ್ತಿ ನೋಡದೆ ದರ ಹೇಳುವ ಗುತ್ತಿಗೆದಾರನಿಗೆ ಕೆಲಸ ಗೊತ್ತಿಲ್ಲವೆಂದೇ ತಿಳಿಯಬೇಕು. ಕಟ್ಟಡ ಕೆಡವುವಾಗಿನ ಸುರಕ್ಷತೆಗೆಂದೇ ಭಾರತೀಯ ಮಾನಕ ಸಂಸ್ಥೆಯು 1967ರಲ್ಲಿ ಮೊದಲು ಪ್ರಕಟಿಸಿ 1991ರಲ್ಲಿ ಪರಿಷ್ಕರಿಸಿದ ಸಂಹಿತೆಯೊಂದಿದೆ. ಅದರ ಸಂಖ್ಯೆ 4130. ಅದರ ಸಾರ ಅನುಭವಿಗಳಾದ ಮೇಸ್ತ್ರಿಗಳಿಗೆಲ್ಲ ತಿಳಿದದ್ದೇ: ಕಟ್ಟಿದ ಕ್ರಮಕ್ಕೆ ವಿರುದ್ಧವಾಗಿ, ಮೇಲಿನಿಂದ ಕೆಳಕ್ಕೆ ಬಿಚ್ಚಬೇಕು, ವಿದ್ಯುತ್ತು ನೀರುಗಳ ಸಂಪರ್ಕವನ್ನು ಮೊದಲೇ ಕಡಿಸಿರಬೇಕು. ಗೋಡೆಯ ಬುಡ ಕಡಿದು ಒಮ್ಮೆಗೇ ಉರುಳಿಸಿದರೆ ಕೂಲಿ ಉಳಿಯುತ್ತದೆಂಬ ದುರಾಸೆಯೇ ಅನಾಹುತಗಳಿಗೆ ಮೂಲ. ಗೋಡೆ ಯಾವ ಕಡೆಗೆ ಬೀಳುವುದೆಂದು ಮೊದಲು ಹೇಳಿದವರುಂಟೆ?

ವಿದ್ಯುತ್ತಿನ ತಂತಿ ಈ ಹಳೆಯ ಮನೆಗಳಿಗೆ ಬಂದು ಸೇರುವುದು ಬಹುತೇಕ ಜಗಲಿಯ ಸೂರಿನಲ್ಲಿಯೇ. ಫ್ಯೂಸು ಕಿತ್ತಿಟ್ಟರೆ ಮನೆಯೊಳಗಿನ ಪ್ರವಾಹ ನಿಂತೀತೇ ಹೊರತು ಕಂಬದಿಂದ ಬರುವ ತಂತಿಯದು ನಿಲ್ಲುವುದಿಲ್ಲ. ಚಾಮುಂಡೇಶ್ವರಿ ವಿದ್ಯುತ್ ನಿಗಮದ ಕಚೇರಿಗೆ ಅರ್ಜಿ ಕೊಟ್ಟು ತಂತಿಯನ್ನೂ ಮೀಟರನ್ನೂ ಸ್ಥಳಾಂತರಿಸಿದ ಮೇಲೆಯೇ ಆಳುಗಳು ಮಾಡು ಹತ್ತಬೇಕು. ಜಗಲಿಗೆ ಮುಂದಾಗಿ ಎಂದೋ ಹಾಕಿಸಿದ ಕಲ್ನಾರಿನ ತಗಡು, ಅಂದರೆ ಆಸ್ಬೆಸ್ಟಾಸ್ ಶೀಟು ಇದ್ದರೆ ಅದನ್ನು ಒಡೆಯಬಾರದು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ನೀರು ಚಿಮುಕಿಸಿ, ಬೋಲ್ಟು ಬಿಚ್ಚಿ, ಇಡಿಯಾಗಿ ಇಳಿಸಬೇಕು.

ಬಂದ ಆಳುಗಳು ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿದವರೇ, ಗುತ್ತಿಗೆದಾರನು ವಿಮೆ ಮಾಡಿಸಿದ್ದಾನೆಯೇ ಎಂದು ಕೇಳುವುದಕ್ಕೆ ಅನೇಕರು ಸಂಕೋಚಪಡುತ್ತಾರೆ. 1996ರಲ್ಲಿ ಕಟ್ಟಡ ಕಾರ್ಮಿಕರ ಕಾಯಿದೆ ಬಂದಾಗ ಕಟ್ಟುವ ಕೆಲಸದೊಂದಿಗೆ ಕೆಡವುವ ಕೆಲಸವನ್ನೂ ಅದರ ವ್ಯಾಖ್ಯೆಯಲ್ಲಿ ಸೇರಿಸಿದ್ದರು. ನೋಂದಾಯಿತ ಕೂಲಿಯವನಿಗೆ ಅಪಘಾತವಾದರೆ ಮಂಡಳಿಯಿಂದ ನೆರವುಂಟು. ಹೆಸರೇ ಇಲ್ಲದವನಿಗೆ ಏನೂ ಇಲ್ಲ. ಬೆಳಗ್ಗೆ ಬಾಣಲಿ ಹಿಡಿದು ಬಂದ ಹೆಂಗಸು ಸಂಜೆ ಕಾಲು ಮುರಿದುಕೊಂಡು ಮಲಗಿದರೆ ಯಾರು ಹೊಣೆ ಎಂಬುದು ಆಸ್ಪತ್ರೆಯ ಬಾಗಿಲಲ್ಲಿ ನಿಂತು ಚರ್ಚಿಸುವ ವಿಷಯವಲ್ಲ.

ಇನ್ನು ನೆರೆಮನೆ. ಹಳೆಯ ಬೀದಿಗಳಲ್ಲಿ ಎರಡು ಮನೆಗಳಿಗೆ ಒಂದೇ ಗೋಡೆಯಿರುವುದು ಸಾಮಾನ್ಯ. ನಮ್ಮ ಜಾಗದ ಗೋಡೆ, ನಮ್ಮಿಷ್ಟ ಎಂದುಕೊಳ್ಳುವವರು 1882ರ ಅನುಭೋಗ ಹಕ್ಕುಗಳ ಕಾಯಿದೆಯನ್ನು ನೆನೆಯುವುದು ಒಳ್ಳೆಯದು. ನೆರೆಯವನ ಕಟ್ಟಡವು 20 ವರುಷ ಅಡ್ಡಿಯಿಲ್ಲದೆ, ಹಕ್ಕಿನಿಂದ, ನಿಮ್ಮ ಗೋಡೆಯ ಆಸರೆಯನ್ನು ಪಡೆದಿದ್ದರೆ ಆ ಆಸರೆ ಅವನ ಹಕ್ಕಾಗುತ್ತದೆ. ಕಾಯಿದೆಯ ಪುಸ್ತಕಕ್ಕಿಂತ ಮೊದಲು ಮಾಡಬೇಕಾದದ್ದು, ನೆರೆಮನೆಯವರನ್ನು ಕರೆದು ಜತೆಯಲ್ಲಿಯೇ ಗೋಡೆಯನ್ನು ನೋಡುವುದು. ಈಗಾಗಲೇ ಇರುವ ಬಿರುಕುಗಳ ಚಿತ್ರ ತೆಗೆದಿಟ್ಟುಕೊಳ್ಳುವುದು. ಆಮೇಲೆ ಕಾಣಿಸಿಕೊಂಡ ಬಿರುಕು ಹಳೆಯದೋ ಹೊಸದೋ ಎಂಬ ಜಗಳಕ್ಕೆ ಅದೊಂದೇ ಸಾಕ್ಷಿ.

ಬೇಲಿಯ ಪಾಡೂ ಇದೇ. ಬೇಲಿಯನ್ನು ಕೀಳುವುದು ಜಗಲಿಯನ್ನು ಇಳಿಸುವುದಕ್ಕಿಂತ ಸುಲಭ. ಆದರೆ ಅದರ ಜತೆಗೆ ಎಲ್ಲೆಯ ಗುರುತೇ ಕಿತ್ತುಹೋಗುತ್ತದೆ. ಬೇಲಿ ಇದ್ದಷ್ಟು ಕಾಲ ನಕ್ಕು ಮಾತನಾಡುತ್ತಿದ್ದ ನೆರೆಯವರು ಹೊಸ ಗೋಡೆಯ ದಾರ ಕಟ್ಟಿದ ದಿನ ಅಳತೆಗೋಲು ಹಿಡಿದು ಬರುತ್ತಾರೆ. ಆದ್ದರಿಂದ ಕೀಳುವ ಮೊದಲೇ ಅಳತೆಯಾಗಬೇಕು. ಜಮೀನಾದರೆ ಭೂಮಾಪನ ಇಲಾಖೆಗೆ ಹದ್ದುಬಸ್ತಿನ ಅರ್ಜಿ ಕೊಡುವ ಏರ್ಪಾಡಿದೆ. ಬೇಲಿಯ ಬುಡದಲ್ಲಿ ಹೂತಿರುವ ಬಾಂದುಕಲ್ಲನ್ನು ಆಳುಗಳು ಹಾರೆಯಿಂದ ಎಬ್ಬಿಸಿ ಎಸೆಯದಂತೆ ನೋಡಿಕೊಳ್ಳಬೇಕು. 1964ರ ಭೂಕಂದಾಯ ಕಾಯಿದೆಯ ಪ್ರಕಾರ ಗಡಿಗುರುತನ್ನು ಹಾಳುಮಾಡುವುದು ದಂಡನೆಗೆ ಗುರಿಯಾಗುವ ತಪ್ಪು. ಬೇಲಿಯ ಸಾಲಿನಲ್ಲಿ ತಾನಾಗಿ ಬೆಳೆದ ಬೇವೋ ಹೊಂಗೆಯೋ ಇದ್ದರೆ 1976ರ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್, ಗ್ಲಿರಿಸಿಡಿಯಾಗಳಂಥ ಕೆಲವಕ್ಕೆ ಆ ಕಾಯಿದೆ ವಿನಾಯಿತಿ ಕೊಟ್ಟಿದೆ.

ಕಳ್ಳಿಬೇಲಿಯಾದರೆ ಇನ್ನೊಂದು ಎಚ್ಚರಿಕೆ. ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ಸಹಿಸಲಾಗದ ಉರಿ. ಕೆಲವು ದಿನ ದೃಷ್ಟಿಯೇ ಮಂಜಾಗುವುದುಂಟು. ಮಚ್ಚು ಬೀಸುವವನಿಗೆ ಕನ್ನಡಕವೂ ಕೈಗವಸೂ ಇರಬೇಕು, ಹತ್ತಿರದಲ್ಲಿ ಒಂದು ಕೊಡ ನೀರಿರಬೇಕು, ಮಕ್ಕಳು ದೂರವಿರಬೇಕು. ಕಡಿದ ತುಂಡನ್ನು ನಾಲೆಯ ಏರಿಯ ಮೇಲೆ ಎಸೆದು ಬಂದರೆ ಅದು ಅಲ್ಲಿಯೇ ಬೇರುಬಿಟ್ಟು ಚಿಗುರುತ್ತದೆ. ಸಾಯುವ ಜಾತಿಯಲ್ಲ ಅದು. ಕಲ್ಲುಕಂಬಕ್ಕೆ ಬಿಗಿದ ಮುಳ್ಳುತಂತಿಯನ್ನು ಬಿಗಿಯಾಗಿರುವಾಗಲೇ ಕತ್ತರಿಸಿದರೆ ಅದು ಚಾಟಿಯಂತೆ ಹಿಂದಕ್ಕೆ ಹೊಡೆಯುತ್ತದೆ. ಕಲ್ಲುಕಂಬಗಳನ್ನಂತೂ ಎಣಿಸಿಯೇ ಬಿಡಬೇಕು. ಇಡಿಯ ಕಂಬಕ್ಕೆ ತೋಟದವರಿಂದ ಸದಾ ಬೇಡಿಕೆಯುಂಟು.

ಉಳಿದದ್ದು ಮಣ್ಣು. ಹಳೆಯ ಮಣ್ಣುಗೋಡೆಯ ಮಣ್ಣನ್ನು ಹಿಂದೆ ರೈತರೇ ಗಾಡಿ ಕಟ್ಟಿಕೊಂಡು ಬಂದು ಗದ್ದೆಗೆ ಹೊಡೆಯುತ್ತಿದ್ದರು. ಸಿಮೆಂಟಿನ ಚೂರು, ಗಾಜು ಬೆರೆತ ಮಣ್ಣನ್ನು ಯಾರು ಒಯ್ಯುತ್ತಾರೆ? ಅದು ರಾತ್ರೋರಾತ್ರಿ ಕೆರೆಯಂಗಳಕ್ಕೋ ನಾಲೆಯ ಬದಿಗೋ ಹೋಗಿ ಬೀಳುತ್ತದೆ. ಕಟ್ಟಡದ ಅವಶೇಷವನ್ನು ರಸ್ತೆಗೂ ಚರಂಡಿಗೂ ಸುರಿಯಬಾರದು, ಬೇರೆ ಕಸದೊಡನೆ ಬೆರೆಸಬಾರದು, ಸ್ಥಳೀಯ ಸಂಸ್ಥೆ ಗೊತ್ತುಮಾಡಿದ ಕಡೆಗೆ ಸೇರಿಸಬೇಕು ಎಂದು 2016ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳು ಹೊಣೆಯನ್ನು ಅವಶೇಷ ಉಂಟುಮಾಡಿದವರ ಮೇಲೆಯೇ ಹೊರಿಸಿದವು. ಹೀಗಾಗಿ ಮಣ್ಣು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಕರಾರಿನಲ್ಲಿ ಕಾಣಿಸಿ, ಕೊನೆಯ ಕಂತಿನ ಹಣವನ್ನು ಕೊನೆಯ ಲೋಡು ಹೊರಟ ಮೇಲೆ ಕೊಡುವುದು ಜಾಣತನ. ಗೋಡೆ ಉರುಳಿದ ದಿನವೇ ಪೂರ್ತಿ ಹಣ ಕೊಟ್ಟವರ ಮನೆಯ ಮುಂದೆ ಮಣ್ಣಿನ ಗುಡ್ಡೆ ಮುಂದಿನ ಮಳೆಗಾಲದವರೆಗೂ ಕುಳಿತಿರುತ್ತದೆ. ಕೆಲಸಕ್ಕೆ ಬೇಸಿಗೆಯೇ ಮೇಲು. ಈ ಸೀಮೆಯಲ್ಲಿ ಸೆಪ್ಟೆಂಬರು ಅಕ್ಟೋಬರುಗಳಲ್ಲಿ ಜೋರು ಮಳೆ. ಮಾಡು ತೆಗೆದ ಮಣ್ಣುಗೋಡೆಗೆ ಒಂದು ರಾತ್ರಿಯ ಮಳೆ ಸಾಕು.

ಮೇಷ್ಟ್ರ ಮನೆಗೆ ಮರಳಿದರೆ, ಮಗ ಆ ಭಾನುವಾರ ತೀರ್ಮಾನವಿಲ್ಲದೆಯೇ ಬಸ್ಸು ಹತ್ತಿದ್ದಾನೆ. ಮುಂದಿನ ವಾರದೊಳಗೆ ಮೂವರು ಗುತ್ತಿಗೆದಾರರು ಬಂದು ಹೋಗಿದ್ದಾರೆ. ಮೂವರ ಮಾತನ್ನೂ ಮೇಷ್ಟ್ರು ಒಂದೇ ಹಾಳೆಯಲ್ಲಿ ಎದುರುಬದುರು ಬರೆದಿದ್ದಾರೆ. ಪಕ್ಕದಲ್ಲಿ ಬಡಗಿ ಹೇಳಿದ ಮರದ ಲೆಕ್ಕವಿದೆ. ಕಾಸು ಬಿಚ್ಚಬೇಡಿ ಎಂದಿದ್ದ ಮೊದಲನೆಯವನೇ ಆ ಹಾಳೆಯನ್ನು ನೋಡಿ, ತಲೆ ಕೆರೆದುಕೊಂಡು, ತಾನೇ ಇಷ್ಟು ಕೊಡುವೆನೆಂದು ಒಪ್ಪಿದ್ದಾನೆ. ಕರಾರು ಓದಿ ಮುಗಿಸುವ ಹೊತ್ತಿಗೆ ಒಳಗಿನಿಂದ ಮೇಷ್ಟ್ರ ತಾಯಿ ಗೋಡೆ ಹಿಡಿದುಕೊಂಡು ಬಂದು ನಿಲ್ಲುತ್ತಾರೆ.

'ಎಡಗಡೆ ಕೊನೇ ಕಂಬ ಕೊಡಬೇಡ ಕಣಪ್ಪ. ನಿಮ್ಮಪ್ಪ ಒರಗಿಕೊಂಡು ಕೂತ್ಕೊತಿದ್ದದ್ದು ಅದಕ್ಕೇ.'

ಮೇಷ್ಟ್ರು ಗುತ್ತಿಗೆದಾರನ ಮುಖ ನೋಡಿದರು. ಅವನು ಲೇಖನಿ ತೆಗೆದುಕೊಂಡು 25 ಘನ ಅಡಿಯೆಂಬುದನ್ನು ಹೊಡೆದು 23 ಎಂದು ಬರೆದು, ಎರಡು ಘನ ಅಡಿಯ ಬೆಲೆಯನ್ನು ತಾನು ಕೊಡಬೇಕಾದ ಹಣದಲ್ಲಿ ಕಳೆದ. 'ಬುಡ ಗೆದ್ದಲು ಹಿಡಿದದೆ ಅಜ್ಜಿ, ಒಂದಡಿ ಕೊಯ್ದು ಕೊಡ್ಲಾ?' ಎಂದು ಕೇಳಿದ. ಕೊಯ್ಯಬಾರದೆಂಬ ವಾಕ್ಯ ಕರಾರಿನಲ್ಲಿತ್ತು. ಮೇಷ್ಟ್ರು ಅದರ ಕೆಳಗೆ, ಮನೆಯವರು ಇಟ್ಟುಕೊಳ್ಳುವ ಒಂದು ಕಂಬದ ಹೊರತು ಎಂದು ಸೇರಿಸಿ ರುಜು ಹಾಕಿದರು.